ತಿಂಗಳ ಕೊನೆಯ ಸ್ಕೀಮು ಮತ್ತು ಅಂಗಡಿಯವನ ಲೆಕ್ಕ

ಮೊನ್ನೆ ಸೋಪು, ಬಿಸ್ಕತ್ತು ಮಾರುವ ಕಂಪನಿಯೊಂದರ ರಿವ್ಯೂ ಮೀಟಿಂಗಿನ ಸ್ಲೈಡ್ ಕಣ್ಣಿಗೆ ಬಿತ್ತು. ಯಾವ ಕಂಪನಿ ಅಂತ ಕೇಳಬೇಡಿ, ಯಾವುದರ ಹೆಸರು ಹಾಕಿಕೊಂಡರೂ ನಡೆಯುತ್ತದೆ. ಕೆಂಪಕ್ಷರದಲ್ಲಿ ಬರೆದಿತ್ತು: "ಮೊದಲ ಹದಿನೈದು ದಿನ ಅಂಗಡಿಗಳಿಂದ ಆರ್ಡರ್ ಬರುತ್ತಿಲ್ಲ. ಮಾರ್ಕೆಟ್‌ನಲ್ಲಿ ಶಿಸ್ತಿಲ್ಲ." ಮುಂದಿನ ಸ್ಲೈಡಿನಲ್ಲಿ ಪರಿಹಾರ: 25ರಿಂದ 31ರವರೆಗೆ ವಿಶೇಷ ಸ್ಕೀಮು, ಅಂದರೆ ಅಂಗಡಿಯವರಿಗೆ ಶೇ 3 ರಿಯಾಯಿತಿ. ಎರಡೂ ಸ್ಲೈಡ್ ಮಾಡಿದವನು ಒಬ್ಬನೇ. ರೋಗ ಯಾವುದು, ಅದನ್ನು ಅಂಟಿಸಿದವರು ಯಾರು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿ ಬಿಡುತ್ತಿರಲಿಲ್ಲ ಬಿಡಿ, ಅವನಿಗೂ ಇನ್ಸೆಂಟಿವ್ ಇದೆ.

ಶಿಸ್ತಿಲ್ಲವಂತೆ! ಅಂಗಡಿಯವರ ಲೆಕ್ಕ ಒಮ್ಮೆ ನೋಡಿ. 1,200 ರೂಪಾಯಿಯ ಒಂದು ಬಾಕ್ಸ್ ಬಿಸ್ಕತ್ತು. 15ನೇ ತಾರೀಖಿಗೆ ತೆಗೆದುಕೊಂಡರೆ ಸ್ಕೀಮಿಲ್ಲ. 26ಕ್ಕೆ ತೆಗೆದುಕೊಂಡರೆ 36 ರೂಪಾಯಿ ಕಡಿಮೆ. ಮುಂದಿನ ತಿಂಗಳ ನಡುವಿಗೆ ಬೇಕಾದದ್ದನ್ನು 26ಕ್ಕೇ ತಂದು ಇಪ್ಪತ್ತು ದಿನ ಹೆಚ್ಚಿಗೆ ಅಟ್ಟದ ಮೇಲಿಟ್ಟುಕೊಂಡರೆ, ಪೇಟೆಯ ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂತ ಹಿಡಿದರೂ, 16 ರೂಪಾಯಿ ಖರ್ಚು. ಉಳಿದದ್ದು 20. ಐವತ್ತು ಬಾಕ್ಸಿಗೆ ಸಾವಿರ. ಸ್ಲೈಡ್ ಮಾಡಿದ ಎಂಬಿಎಗಿಂತ ಈ ಲೆಕ್ಕ ಅಂಗಡಿಯ ಅಕ್ಕನಿಗೆ ಚೆನ್ನಾಗಿ ಬರುತ್ತದೆ, ಅದೂ ಪೇಪರಿಲ್ಲದೆ. ಆಕೆ ಕಾಯುತ್ತಾಳೆ. ಕಾಯದಿದ್ದರೇ ದಡ್ಡತನ.

ಒಂದು ಸಲ ಕೊಟ್ಟ ಸ್ಕೀಮು ರಿಯಾಯಿತಿ. ಹನ್ನೆರಡು ತಿಂಗಳೂ ಅದೇ ತಾರೀಖಿಗೆ ಕೊಟ್ಟರೆ ಅದು ಬೆಲೆ. ಅದಿಲ್ಲದ ದಿನ ನೀವು ಮಾರುತ್ತಿರುವುದು ದುಬಾರಿ ಮಾಲು. ಇಷ್ಟು ಸರಳ ವಿಷಯವನ್ನು ಎಷ್ಟು ಸಲ ಹೇಳಬೇಕೋ ಗೊತ್ತಿಲ್ಲ. ಹೇಳಿ ಹೇಳಿ ನನಗಂತೂ ಸಿಟ್ಟು ಬರುವುದೂ ನಿಂತುಹೋಗಿದೆ ಅಂದುಕೊಂಡಿದ್ದೆ. ನಿಂತಿಲ್ಲ.

ಈಗ ಏರಿಯಾ ಮ್ಯಾನೇಜರ್ ಕಡೆ ಬನ್ನಿ. ಅವನ ಇನ್ಸೆಂಟಿವ್ ಸ್ಲ್ಯಾಬಿನಲ್ಲಿ ಇರುತ್ತದೆ: ಟಾರ್ಗೆಟ್ಟಿನ ಶೇ 97 ಮಾಡಿದರೆ ಸೊನ್ನೆ, 100 ಮುಟ್ಟಿದರೆ ಪೂರ್ತಿ. 29ನೇ ತಾರೀಖಿಗೆ 94ರಲ್ಲಿ ನಿಂತವನು ಏನು ಮಾಡುತ್ತಾನೆ? ಕಂಪನಿಯಿಂದ ಮಾಲು ಕೊಂಡು ಅಂಗಡಿಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡಿ "ಅಣ್ಣಾ, ಆರು ಲಕ್ಷ ಹಾಕ್ಕೊಳ್ಳಿ, ಮುಂದಿನ ತಿಂಗಳು ನೋಡ್ಕೋತೀನಿ" ಅನ್ನುತ್ತಾನೆ. ಅದೇ ಮನುಷ್ಯ ಒಳ್ಳೆಯ ತಿಂಗಳಲ್ಲಿ 27ಕ್ಕೇ 104 ಮುಟ್ಟಿದರೆ ಬಂದ ಆರ್ಡರನ್ನೂ ಬಿಲ್ ಮಾಡದೆ ಒಂದನೇ ತಾರೀಖಿಗೆ ತಳ್ಳುತ್ತಾನೆ. ಯಾಕೆಂದರೆ ಮುಂದಿನ ವರ್ಷದ ಟಾರ್ಗೆಟ್ ಅಂದರೆ ಈ ವರ್ಷದ್ದರ ಮೇಲೆ ಶೇ 15. ಹೆಚ್ಚು ಮಾರಿದವನ ಕೊರಳಿಗೇ ಹೆಚ್ಚಿನ ಟಾರ್ಗೆಟ್. ಸೋವಿಯತ್ ಕಾರ್ಖಾನೆಗಳ ಮ್ಯಾನೇಜರುಗಳು ಇದೇ ಕಾರಣಕ್ಕೆ ಉತ್ಪಾದನೆಯನ್ನು ಬೇಕೆಂದೇ ಹಿಡಿದಿಡುತ್ತಿದ್ದರು.

ಇನ್ನು ಡಿಸ್ಟ್ರಿಬ್ಯೂಟರ್. ತಿಂಗಳಿಗೆ 40 ಲಕ್ಷ ಸೆಕೆಂಡರಿ, ಅಂದರೆ ಅಂಗಡಿಗಳಿಗೆ ಹೋಗುವ ಮಾಲು. ಶೇ 5 ಮಾರ್ಜಿನ್ ಅಂದರೆ 2 ಲಕ್ಷ. ಅದರಲ್ಲೇ ಗೋಡೌನ್ ಬಾಡಿಗೆ, ಹುಡುಗರ ಸಂಬಳ, ಟೆಂಪೊ ಡೀಸೆಲ್. ಹದಿನೈದು ದಿನದ ಸ್ಟಾಕ್ ಸಾಕು, 20 ಲಕ್ಷ. ತಿಂಗಳ ಕೊನೆಯ ತಳ್ಳಾಟದಲ್ಲಿ ಅದು 32 ಲಕ್ಷವಾಗುತ್ತದೆ, ಇಪ್ಪತ್ನಾಲ್ಕು ದಿನದ್ದು. ಬ್ಯಾಂಕಿನ ಓವರ್ ಡ್ರಾಫ್ಟ್ ಸಾಲದ ಬಡ್ಡಿ ವರ್ಷಕ್ಕೆ ಶೇ 12 ಅಂದರೆ ಆ ಹೆಚ್ಚಿನ 12 ಲಕ್ಷಕ್ಕೆ ತಿಂಗಳಿಗೆ 12,000. ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. 31ರ ರಾತ್ರಿ ಬರುವ ಮಾಲು ಓಡುವ ಮಾಲಲ್ಲ, ಡಿಪೊದಲ್ಲಿ ಉಳಿದ ಮಾಲು. ಐದು ರೂಪಾಯಿಯ ಪ್ಯಾಕ್ ಕೇಳಿದರೆ ಫ್ಯಾಮಿಲಿ ಪ್ಯಾಕ್ ಇಳಿಸುತ್ತಾರೆ. ದುಡ್ಡು ಅದರಲ್ಲಿ ಸಿಕ್ಕಿಹಾಕಿಕೊಂಡಿತು. ಒಂದನೇ ತಾರೀಖಿಗೆ ಸಂಬಳವಾಗಿ ಜನ ಅಂಗಡಿಗೆ ಬಂದಾಗ ಐದು ರೂಪಾಯಿಯದ್ದು ಖಾಲಿ, ತರಿಸಲು ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಹಣವಿಲ್ಲ. ಗೋಡೌನ್ ತುಂಬಿದೆ, ಮಾಲಿಲ್ಲ. ಆಮೇಲೆ ಒಂದು ಹೋಲ್‌ಸೇಲ್ ಅಂಗಡಿಗೆ ಶೇ 2 ಬಿಟ್ಟು ಸುರಿದುಬಿಡುತ್ತಾನೆ. ಅದು ಪಕ್ಕದ ತಾಲ್ಲೂಕಿಗೆ ಹೋಗಿ ಅಲ್ಲಿಯ ಡಿಸ್ಟ್ರಿಬ್ಯೂಟರ್ ಹೊಟ್ಟೆಗೆ ಹೊಡೆಯುತ್ತದೆ. ಏಳು ದಿನದ ಉದ್ರಿ ಇಪ್ಪತ್ತೊಂದು ದಿನವಾಗುತ್ತದೆ. ನಾಲ್ಕು ತಿಂಗಳ ನಂತರ ಅವಧಿ ಮುಗಿದ ಮಾಲಿಗೆ ಕಂಪನಿಯಿಂದ ದುಡ್ಡು ಕೇಳುವ ಎಕ್ಸ್‌ಪೈರಿ ಕ್ಲೇಮ್, ಅದರ ಹಿಂದೆ ಆರು ತಿಂಗಳ ಅಲೆದಾಟ.

ಇಷ್ಟೆಲ್ಲ ಆದ ಮೇಲೆ ಹೆಡ್ಡಾಫೀಸಿನ ಪ್ಲಾನಿಂಗ್‌ನವರು ಬಿಲ್ಲಿಂಗ್ ಡೇಟಾ ನೋಡಿ "ಕೊನೆಯ ವಾರ ಬೇಡಿಕೆ ಜಾಸ್ತಿ" ಅಂತ ಫೋರ್‌ಕಾಸ್ಟ್ ಮಾಡುತ್ತಾರೆ. ಕಾರ್ಖಾನೆ ಆ ವಾರಕ್ಕೆ ಓವರ್‌ಟೈಮ್ ಹಾಕುತ್ತದೆ. ಲಾರಿ ಬಾಡಿಗೆ ಏರುತ್ತದೆ, ಹಮಾಲರು ರಾತ್ರಿಯೆಲ್ಲ ಮಾಲು ಇಳಿಸುತ್ತಾರೆ. ತಾನೇ ಕೂಗಿದ ದನಿಯ ಪ್ರತಿಧ್ವನಿ ಕೇಳಿ "ಯಾರೋ ಕರೀತಿದಾರೆ" ಅಂತ ಓಡಿದ ಹಾಗೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ಪ್ಯಾಂಪರ್ಸ್ ಡೈಪರಿನಲ್ಲಿ ಗಮನಿಸಿದ್ದು ಇದೇ ಜಾತಿಯದ್ದು: ಮಗು ಡೈಪರ್ ಬಳಸುವ ಪ್ರಮಾಣದಲ್ಲಿ ಏರಿಳಿತವಿಲ್ಲ, ಅಂಗಡಿಯ ಮಾರಾಟದಲ್ಲೂ ಅಷ್ಟಿಲ್ಲ, ಡಿಸ್ಟ್ರಿಬ್ಯೂಟರಿನ ಆರ್ಡರ್ ಮಾತ್ರ ಹುಚ್ಚೆದ್ದು ಕುಣಿಯುತ್ತದೆ. ಹೀಗಾಗಲು 1997ರಲ್ಲಿ ಪ್ರಾಧ್ಯಾಪಕ ಹೌ ಲೀ ಮತ್ತು ಸಂಗಡಿಗರು ಪಟ್ಟಿ ಮಾಡಿದ ನಾಲ್ಕು ಕಾರಣಗಳಲ್ಲಿ ಬೆಲೆಯ ಏರಿಳಿತವೂ ಒಂದು.

"ಅಂಗಡಿಯವರು ಅಷ್ಟೆಲ್ಲ ಯೋಚಿಸುವುದಿಲ್ಲ ಸಾರ್, ಅಭ್ಯಾಸ ಅಷ್ಟೇ" ಅನ್ನುವವರಿಗೆ 2025ರ ಆಗಸ್ಟ್ ನೆನಪಿಸುತ್ತೇನೆ. 15ಕ್ಕೆ ಕೆಂಪುಕೋಟೆಯಿಂದ ಜಿಎಸ್‌ಟಿ ಇಳಿಸುವ ಘೋಷಣೆ. ಸೆಪ್ಟೆಂಬರ್ 3ಕ್ಕೆ ಕೌನ್ಸಿಲ್ ತೀರ್ಮಾನ. ಸೋಪು, ಶಾಂಪೂ, ಪೇಸ್ಟು, ಬಿಸ್ಕತ್ತು ಶೇ 18ರಿಂದ 5ಕ್ಕೆ, ಜಾರಿ 22ರಿಂದ. ನಡುವಿನ ವಾರಗಳಲ್ಲಿ ವ್ಯಾಪಾರಿಗಳು ಇದ್ದ ಸ್ಟಾಕ್ ಕರಗಿಸಿಕೊಂಡು ಹೊಸ ಬೆಲೆಗೆ ಕಾದರು. ದೊಡ್ಡ ದೊಡ್ಡ ಕಂಪನಿಗಳೇ "ವ್ಯಾಪಾರಿಗಳು ಹೊಸ ದರಕ್ಕೆ ಕಾಯುತ್ತಿದ್ದರು, ಅದಕ್ಕೇ ಮಾರಾಟ ತಗ್ಗಿತು" ಅಂತ ಷೇರುದಾರರಿಗೆ ವಿವರಿಸಿದವು. ಆಗ ಶಿಸ್ತಿಲ್ಲ ಅಂತ ಯಾರೂ ಅಂಗಡಿಯವರನ್ನು ಬೈಯಲಿಲ್ಲ. ಸರ್ಕಾರದ ದರ ಇಳಿಕೆಗೆ ಕಾದರೆ ವಿವೇಕ, ನಿಮ್ಮ 25ನೇ ತಾರೀಖಿಗೆ ಕಾದರೆ ಅಶಿಸ್ತು!

ಈ ವಿಷಯದ ತಾತ್ವಿಕ ಜಗಳವೂ ಹಳೆಯದು. 1950ರ ದಶಕದಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಸಂಸ್ಥೆಯ ನಾಲ್ವರು ಒಂದು ಪೇಂಟ್ ಕಾರ್ಖಾನೆಗೆ ಎಷ್ಟು ತಯಾರಿಸಬೇಕು, ಎಷ್ಟು ಸ್ಟಾಕ್ ಇಡಬೇಕು, ಎಷ್ಟು ಆಳುಗಳು ಬೇಕು ಅಂತ ಸೂತ್ರ ಕಟ್ಟುತ್ತಿದ್ದರು. ಅವರಲ್ಲಿ ಹರ್ಬರ್ಟ್ ಸೈಮನ್ ಒಬ್ಬ: ಮನುಷ್ಯ ಎಲ್ಲ ಲೆಕ್ಕ ಹಾಕಲಾರ, ಸಾಕಷ್ಟು ಒಳ್ಳೆಯದು ಸಿಕ್ಕರೆ ನಿಲ್ಲುತ್ತಾನೆ ಅಂದವನು, 1978ರ ನೊಬೆಲ್ ಪಡೆದವನು. ಅದೇ ತಂಡದ ಜಾನ್ ಮುತ್ 1961ರಲ್ಲಿ ಪೂರ್ತಿ ತಿರುಗಿ ನಿಂತ: ಜನರ ನಿರೀಕ್ಷೆ ಮಾರುಕಟ್ಟೆ ನಿಜವಾಗಿ ನಡೆಯುವ ರೀತಿಯನ್ನೇ ಹಿಡಿದಿರುತ್ತದೆ, ಸರಾಸರಿಯಲ್ಲಿ ತಪ್ಪುವುದಿಲ್ಲ ಅಂದ. ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಇಬ್ಬರೂ ಸರಿ. ಅಕ್ಕ ಸಮೀಕರಣ ಬಿಡಿಸುವುದಿಲ್ಲ, "25 ಆದ್ಮೇಲೆ ತಗೋ" ಅನ್ನುವ ಒಂದೇ ನಿಯಮ ಇಟ್ಟುಕೊಂಡಿದ್ದಾಳೆ. ಆ ನಿಯಮ ಪ್ರತಿ ತಿಂಗಳೂ ಸರಿಯಾಗುವಂತೆ ನೋಡಿಕೊಳ್ಳುವವರು ನೀವು.

ಸರಿ, ಎದುರುವಾದ. ಸ್ಕೀಮು ನಿಲ್ಲಿಸಿದರೆ ಸತ್ತೇ ಹೋಗುತ್ತೇವೆ ಅನ್ನುವವರು ಅಮೆರಿಕದ ಜೆಸಿ ಪೆನ್ನಿ ಅನ್ನುವ ಅಂಗಡಿ ಸರಪಳಿಯ ಕಥೆ ತೆಗೆಯುತ್ತಾರೆ. 2012ರಲ್ಲಿ ಅದರ ಸಿಇಒ ರಾನ್ ಜಾನ್ಸನ್ ಕೂಪನ್ ಎಲ್ಲ ಕಿತ್ತೆಸೆದ, ಆ ವರ್ಷ ಮಾರಾಟ ಸುಮಾರು ಶೇ 25 ಬಿತ್ತು, 2013ರ ಏಪ್ರಿಲಿನಲ್ಲಿ ಅವನೂ ಹೋದ. ನಿಜ. ಆದರೆ ಅಲ್ಲಿ ಬದಲಾದದ್ದು ಬಟ್ಟೆ ಕೊಳ್ಳುವ ಗಿರಾಕಿಗೆ ಕಾಣುವ ಬೆಲೆ, ಅದೂ ರಾತ್ರೋರಾತ್ರಿ. ಇಲ್ಲಿ ಗಿರಾಕಿಯ ಎಂಆರ್‌ಪಿಗೆ ಕೈ ಹಾಕಿ ಅಂತ ಯಾರೂ ಹೇಳುತ್ತಿಲ್ಲ, ಅಂಗಡಿಯವರು ಕೊಳ್ಳುವ ತಾರೀಖು ಮಾತ್ರ ಬದಲಾಗಬೇಕು. ಹೋಲಿಸುವುದಾದರೆ 1990ರ ದಶಕದ ಆರಂಭದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಜೊತೆ ಹೋಲಿಸಿ. ಅವರು ವ್ಯಾಪಾರಿ ಸ್ಕೀಮು ಕಡಿದು ದಿನವೂ ಒಂದೇ ದರಕ್ಕೆ ಹೋದರು, ಮಾರುಕಟ್ಟೆ ಪಾಲು ಸ್ವಲ್ಪ ಕಳೆದುಕೊಂಡರು ಕೂಡ. ಪುಕ್ಕಟೆ ಅಂತ ನಾನೂ ಹೇಳುತ್ತಿಲ್ಲ.

ಖರ್ಚು ಎಷ್ಟು ಅಂತಲೂ ಮೊದಲೇ ಲೆಕ್ಕ ಹಾಕಬಹುದು, ಯಾರೂ ಹಾಕುವುದಿಲ್ಲ. ಮೇಲಿನ ಡಿಸ್ಟ್ರಿಬ್ಯೂಟರ್ ಸ್ಟಾಕನ್ನು 24 ದಿನದಿಂದ 15ಕ್ಕೆ ಇಳಿಸಿದರೆ ಕಂಪನಿಯ ಪ್ರೈಮರಿ ಬಿಲ್ಲಿಂಗ್, ಅಂದರೆ ಡಿಸ್ಟ್ರಿಬ್ಯೂಟರಿಗೆ ಮಾರುವ ಮಾಲು, ಒಂದೇ ಸಲಕ್ಕೆ 12 ಲಕ್ಷ ಕಡಿಮೆಯಾಗುತ್ತದೆ. ಮೂರು ತಿಂಗಳಿಗೆ ಹಂಚಿ: 40ರ ಬದಲು 36, 36, 36. ಎಂಡಿ ಮೇಜಿನ ಮೇಲೆ ಇದು ಶೇ 10 ಕುಸಿತವಾಗಿ ಕಾಣುತ್ತದೆ, ಆದರೆ ಅಂಗಡಿಗೆ ಹೋಗುವ ಮಾಲು 40 ಲಕ್ಷವೇ ಇರುತ್ತದೆ. ಈ ಮೂರು ಅಂಕಿಯನ್ನು ಶುರು ಮಾಡುವ ಮೊದಲೇ ಬರವಣಿಗೆಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳದಿದ್ದರೆ ಎರಡನೇ ತಿಂಗಳು ಗಾಬರಿಯಾಗಿ ಶೇ 4 ಬಿಡುತ್ತಾರೆ. ಆಮೇಲೆ ಮಾರ್ಕೆಟ್ ಇನ್ನೊಂದು ಪಾಠ ಕಲಿಯುತ್ತದೆ: ಇವರು ಎರಡು ತಿಂಗಳು ಹಟ ಮಾಡುತ್ತಾರೆ, ಆಮೇಲೆ ಹೆಚ್ಚಿಗೆ ಕೊಡುತ್ತಾರೆ. ಅದಕ್ಕಿಂತ ಶುರು ಮಾಡದಿರುವುದು ವಾಸಿ.

ಸ್ಕೀಮು ಬೇಕೇ ಬೇಕಾದರೆ ಮೂರು ತಿಂಗಳಿಗೆ ಒಂದೇ ದರ, ಶೇ ಒಂದೂವರೆ, ಒಂದನೇ ತಾರೀಖಿಗೂ ಅದೇ, ಮೂವತ್ತಕ್ಕೂ ಅದೇ. ಇನ್ಸೆಂಟಿವ್ ಸ್ಲ್ಯಾಬ್ ಕಿತ್ತು, ಶೇ 85ರ ಮೇಲಿನ ಪ್ರತಿ ರೂಪಾಯಿಗೂ ಇಷ್ಟು ಅಂತ, ಅದೂ ಸೆಕೆಂಡರಿ ಮೇಲೆ. ಸೆಕೆಂಡರಿಗೆ ಹೋದ ಕೂಡಲೇ ಕಳ್ಳಾಟ ನಿಲ್ಲುತ್ತದೆ ಅಂದುಕೊಳ್ಳಬೇಡಿ. 31ರ ಸಂಜೆ ಇಲ್ಲದ ಅಂಗಡಿಗಳ ಹೆಸರಿಗೆ ಬಿಲ್ ಹೊಡೆದು ಮೂರನೇ ತಾರೀಖಿಗೆ ಕ್ಯಾನ್ಸಲ್ ಮಾಡುತ್ತಾರೆ. ಆದ್ದರಿಂದ ಪ್ರತಿ ತಿಂಗಳ ಮೊದಲ ಐದು ದಿನದ ರಿಟರ್ನ್ ಮತ್ತು ಕ್ಯಾನ್ಸಲ್ ಬಿಲ್ಲನ್ನು ಹಿಂದಿನ ತಿಂಗಳ ಸಾಧನೆಯಿಂದ ಕಳೆಯಿರಿ. ಒಂದೇ ಹೋಲ್‌ಸೇಲ್ ಅಂಗಡಿಗೆ ಕಾಲುಭಾಗಕ್ಕಿಂತ ಹೆಚ್ಚು ಹೋಗಿದ್ದರೆ ಅದನ್ನೂ ತೆಗೆದಿಟ್ಟು ನೋಡಿ.

ಮತ್ತೆ, ಇದನ್ನು ಜನವರಿಯಲ್ಲಿ ಶುರು ಮಾಡಬೇಡಿ. ಮೂರನೇ ತಿಂಗಳು ಮಾರ್ಚ್ ಆಗುತ್ತದೆ, ಇಯರ್ ಎಂಡ್ ಬಂದರೆ ಯಾವ ಸಹಿಗೂ ಬೆಲೆಯಿಲ್ಲ. ಏಪ್ರಿಲ್‌ನಲ್ಲಿ ಮಾಡಿ.