ಹೆಸರಲ್ಲಿ ನ್ಯೂ ಇದ್ರೆ ಸಾಕಾ

ಹೋದ ಭಾನುವಾರ ಮೆಗಾಬ್ಲಾಕ್ ಇತ್ತು, ಅಂದ್ರೆ ಹಳಿ ರಿಪೇರಿಗೆ ಅಂತ ಲೋಕಲ್ ಟ್ರೇನ್ ನಿಲ್ಲಿಸೋದು, ಡೊಂಬಿವಲಿಲಿ ಅಕ್ಕನ ಮನೆ ಮುಟ್ಟೋ ಹೊತ್ತಿಗೆ ಮಧ್ಯಾಹ್ನ ಎರಡೂವರೆ. ಅಕ್ಕ ಬೈತಾ ಬೈತಾ ಬಡಿಸಿದ್ಲು. ಅವಳ ಒಂಬತ್ತು ವರ್ಷದ ಮಗ ಮಾತ್ರ ನಾನು ಬಂದಿದ್ದನ್ನ ತಿರುಗಿ ಕೂಡ ನೋಡ್ಲಿಲ್ಲ, ಟಿವಿ ಮುಂದೆ ಕೂತು ಮಾರಿಯೋ ವಿಡಿಯೋ ಗೇಮ್ ಆಡ್ತಾ ಇದ್ದ. ಸೂಪರ್ ಮಾರಿಯೋ ಬ್ರದರ್ಸ್ ವಂಡರ್, 2023ರದ್ದು. ನಾನು ಅನ್ನ ಕಲಸ್ತಾ ನೋಡ್ತಾ ಇದ್ರೆ ಮಾರಿಯೋ ಏನೋ ಒಂದು ಹೂವು ಮುಟ್ಟಿದ, ಅಲ್ಲಿ ತನಕ ಸುಮ್ನೆ ನಿಂತಿದ್ದ ಹಸಿರು ಪೈಪ್‌ಗಳೆಲ್ಲ ಕಂಬಳಿಹುಳದ ಥರ ತೆವಳೋಕೆ ಶುರು ಮಾಡಿದ್ವು. ಆಮೇಲೆ ಒಂದು ಹಣ್ಣು ತಿಂದು ಆನೆ ಆದ. ಸೊಂಡಿಲು, ಟೋಪಿ, ಮೀಸೆ ಎಲ್ಲಾ ಸೇರಿ ಗಣಪತಿ ಮಂಡಲದವರು ಅರ್ಜೆಂಟಲ್ಲಿ ಮಾಡಿಸಿದ ಮೂರ್ತಿ ಥರ ಇದ್ದ.

"ಇದೇನೋ ಇದು?" ಅಂದೆ.

"ಇದು ಹೀಗೇ ಮಾವ" ಅಂದ. ಮುಗೀತು.

ನನ್ನ ಮಾರಿಯೋ ಆನೆ ಆಗ್ತಿರ್ಲಿಲ್ಲ. ನನ್ನ ಮಾರಿಯೋಗೆ ಬಣ್ಣಾನೇ ಇರ್ಲಿಲ್ಲ. ನಾವಾಗ ಘಾಟ್ಕೋಪರಿನ ಚಾಳಲ್ಲಿದ್ವಿ, ಅಪ್ಪ ಹೋಟ್ಲಲ್ಲಿ ಗಲ್ಲೆ ನೋಡ್ಕೊಳ್ತಾ ಇದ್ರು, ಮನೇಲಿದ್ದಿದ್ದು 14 ಇಂಚಿನ ಬ್ಲ್ಯಾಕ್ ಅಂಡ್ ವೈಟ್ ಟಿವಿ. ವಿ.ಟಿ. ಸ್ಟೇಷನ್ ಹತ್ರ ಯಾವುದೋ ಗಲ್ಲಿಯಿಂದ ಅಪ್ಪ ಒಂದು ವಿಡಿಯೋ ಗೇಮ್ ತಂದಿದ್ರು, ಜೊತೆಗೊಂದು ಕ್ಯಾಸೆಟ್, ಅದರ ಮೇಲೆ 99999 ಇನ್ 1 ಅಂತ ಬರೆದಿತ್ತು. ಲೆಕ್ಕ ಹಾಕಿದ್ರೆ ಏಳೋ ಎಂಟೋ ಗೇಮು, ಮಿಕ್ಕಿದ್ದೆಲ್ಲ ಅದೇ ಗೇಮು ಬೇರೆ ಲೆವೆಲ್ಲಿಂದ ಶುರುವಾಗೋದು. ಎಷ್ಟೋ ವರ್ಷ ಆದ್ಮೇಲೆ ಗೊತ್ತಾಯ್ತು, ಅದು ಮಾರಿಯೋ ಮಾಡೋ ಜಪಾನಿನ ಕಂಪನಿ ನಿಂಟೆಂಡೋದವರ ಮೆಷಿನ್ನೇ ಅಲ್ಲ, ಯಾರೋ ನಕಲು ಹೊಡೆದಿದ್ದು. ಅಂದ್ರೆ ನೋಡಿ, ನಮ್ಮ ನಾಸ್ಟಾಲ್ಜಿಯಾ ಕೂಡ ಡುಪ್ಲಿಕೇಟು. ಆದ್ರೂ ಆ ಕ್ಯಾಸೆಟ್ಟಿಗೆ ಬಾಯಿಂದ ಗಾಳಿ ಊದಿ ಹಾಕ್ತಿದ್ದ ಭಕ್ತಿ ಮಾತ್ರ ಒರಿಜಿನಲ್ಲು.

ಬ್ಲ್ಯಾಕ್ ಅಂಡ್ ವೈಟಿನ ಒಂದು ಲಾಭ ಹೇಳ್ತೀನಿ. 1985ರ ಆ ಮೊದಲ ಸೂಪರ್ ಮಾರಿಯೋದಲ್ಲಿ ಮೇಲಿರೋ ಮೋಡ, ಕೆಳಗಿರೋ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಗೇಮು 40 ಕೆಬಿ ಒಳಗೆ ಹಿಡಿಸ್ಬೇಕಿತ್ತು, ಈಗ ವಾಟ್ಸಾಪಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋನೂ ಅದಕ್ಕಿಂತ ದೊಡ್ಡದಿರತ್ತೆ, ಹಾಗಾಗಿ ಒಂದೇ ಚಿತ್ರಾನ ಎರಡು ಸಲ ಬಳಸಿದ್ರು. ಜನ ಇದನ್ನ ದೊಡ್ಡ ಗುಟ್ಟು ಅಂತ ಹೇಳ್ಕೊಂಡು ಓಡಾಡ್ತಾರೆ. ನಂಗೂ ಅಕ್ಕಂಗೂ ಅದು ಮೊದಲನೇ ದಿನಾನೇ ಗೊತ್ತಿತ್ತು, ನಮ್ಮ ಟಿವಿಲಿ ಎರಡೂ ಬೂದು ಬಣ್ಣ ತಾನೆ. ಈಗ ಹಳೇ ಗೇಮಿನ ನೆನಪಿಗೆ ಅಂತ ಆ ನೀಲಿ ಆಕಾಶ ತೋರಿಸಿದ್ರೆ ನಂಗೇನೂ ಅನ್ಸಲ್ಲ, ಅದು ಬೇರೆ ಯಾರದೋ ಬಾಲ್ಯ.

ಆದ್ರೆ ಊಟ ಮುಗಿಸಿ ಕೈ ತೊಳ್ಕೊಂಡು ಬಂದು, "ಒಂದ್ಸಲ ಕೊಡೋ" ಅಂತ ಕಂಟ್ರೋಲರ್ ತಗೊಂಡೆ ನೋಡಿ, ನನ್ನ ಹೆಬ್ಬೆಟ್ಟು ನನ್ನ ಕೇಳ್ದೇನೇ ಹೋಗಿ ಕೂತ್ಕೊಂಡ್ತು. ತುದಿಯಲ್ಲಿ ಓಡೋ ಬಟನ್, ಬುಡದಲ್ಲಿ ಹಾರೋ ಬಟನ್. ಎಷ್ಟು ಹೊತ್ತು ಒತ್ತಿದ್ರೆ ಅಷ್ಟು ಎತ್ತರ, ಗಾಳೀಲಿ ಇದ್ದಾಗ್ಲೂ ಸ್ವಲ್ಪ ಹಿಂದೆ ಮುಂದೆ ಎಳ್ಕೊಬಹುದು, ಓಡ್ತಾ ಓಡ್ತಾ ತಕ್ಷಣ ನಿಲ್ಲೋಕೆ ಹೋದ್ರೆ ಒಂಚೂರು ಜಾರ್ತಾನೆ. ಪೈಪ್ ತೆವಳಲಿ, ಹೂವು ಮಾತಾಡ್ಲಿ, ಆ ಜಿಗಿತ ನಂಗೆ ಗೊತ್ತು. ಈ ವಂಡರ್‌ನ ಪ್ರೊಡ್ಯೂಸರ್ ತಕಾಶಿ ತೆಜುಕಾ, 1985ರಲ್ಲಿ ಶಿಗೆರು ಮಿಯಾಮೊಟೊ ಜೊತೆ ಮೊದಲನೇದನ್ನ ಮಾಡಿದ್ದೂ ಅದೇ ಮನುಷ್ಯ. ಹೋಟ್ಲು ಎಷ್ಟು ಸಲ ರಿನೋವೇಶನ್ ಆದ್ರೂ ಒಳಗೆ ಅದೇ ಭಟ್ರು ಇದ್ದ ಹಾಗೆ.

ಹೋಟ್ಲು ಅಂದ ತಕ್ಷಣ ಅಪ್ಪನ ಮಾತು ಬಂತು. ಮುಂಬಯಿಯ ಉಡುಪಿ ಹೋಟ್ಲುಗಳ ಮೆನು ಕಾರ್ಡು ನೋಡಿದ್ದೀರಲ್ಲ, ಮೊದಲು ಪಾವ್‌ಭಾಜಿ ಬಂತು, ಆಮೇಲೆ ಚೈನೀಸ್ ಪೇಜು, ಆಮೇಲೆ ಶೆಜ್ವಾನ್ ದೋಸೆ, ಚೀಸ್ ದೋಸೆ, ಜಿನಿ ದೋಸೆ. ಅಪ್ಪ ಯಾವುದಕ್ಕೂ ಬೇಡ ಅನ್ಲಿಲ್ಲ. "ದೋಸೆ ಮೇಲೆ ಏನು ಬೇಕಾದ್ರೂ ಹಾಕಿ, ಹಿಟ್ಟಿಗೆ ಕೈ ಹಾಕ್ಬೇಡಿ" ಅಂತಿದ್ರು. ಉದ್ದು ಕಮ್ಮಿ ಮಾಡಿ ಉಳಿಸೋಣ ಅಂದವರಿಗೆ ಬೈಗುಳ ಗ್ಯಾರಂಟಿ.

ಈ ಗೇಮಿನವರಲ್ಲೂ ಎರಡು ಥರ ತಪ್ಪು ನಡೆದಿದೆ. ಒಂದು, ಏನೂ ಬದಲಾಯಿಸದೇ ಇರೋದು. 1986ರಲ್ಲಿ ಜಪಾನಲ್ಲಿ ಎರಡನೇ ಮಾರಿಯೋ ಬಂತು, ನೋಡೋಕೆ ಮೊದಲನೇದರ ಥರಾನೇ, ಕಷ್ಟ ಮಾತ್ರ ಡಬ್ಬಲ್ಲು, ತಿಂದ್ರೆ ಪೆಟ್ಟು ಬೀಳೋ ವಿಷದ ಅಣಬೆ ಬೇರೆ. ಅಮೆರಿಕದ ನಿಂಟೆಂಡೋದವರು ಇದು ನಮ್ಮ ಕಡೆ ನಡೆಯಲ್ಲ ಅಂದ್ಬಿಟ್ರು. ಬದಲಿಗೆ ಡೋಕಿ ಡೋಕಿ ಪ್ಯಾನಿಕ್ ಅನ್ನೋ ಬೇರೆಯೇ ಗೇಮಿನ ಪಾತ್ರಗಳಿಗೆ ಮಾರಿಯೋ ವೇಷ ಕಟ್ಟಿ 1988ರಲ್ಲಿ ಅದನ್ನೇ ಎರಡನೇ ಮಾರಿಯೋ ಅಂತ ಬಿಟ್ರು. ನೆಲದಿಂದ ಟರ್ನಿಪ್ ಗಡ್ಡೆ ಕಿತ್ತು ವೈರಿ ಮೇಲೆ ಎಸೆಯೋದು ಅದ್ರಲ್ಲಿ. ತಮಾಷೆ ಅಂದ್ರೆ ಅದರಲ್ಲಿದ್ದ ಮುಖವಾಡದ ಶೈ ಗೈ, ನಡೆದಾಡೋ ಬಾಂಬು ಎಲ್ಲಾ ಆಮೇಲೆ ಮಾರಿಯೋ ಮನೆಯವರೇ ಆಗ್ಬಿಟ್ರು. ಬಾಡಿಗೆಗೆ ಬಂದವರು ಸೊಸೈಟಿ ಕಮಿಟಿ ಮೆಂಬರ್ ಆದ ಹಾಗೆ.

ಆಮೇಲೆ 2006ರಲ್ಲಿ ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ಬಂತು. ಚೆನ್ನಾಗೇ ಇತ್ತು. 2009ರಲ್ಲಿ ಇನ್ನೊಂದು ನ್ಯೂ, ನಾಲ್ಕು ಜನ ಒಟ್ಟಿಗೆ ಆಡೋದು, ಅದೂ ಸರಿ. 2012ರಲ್ಲಿ ಒಂದೇ ವರ್ಷ ಎರಡು ನ್ಯೂ, ಅದೇ ಹುಲ್ಲು, ಅದೇ ಮರುಭೂಮಿ, ಅದೇ ಹಿಮ, ಹಾಡಿಗೆ ಡ್ಯಾನ್ಸ್ ಮಾಡೋ ಅದೇ ವೈರಿಗಳು. ಇಲ್ಲಿ ಮೂಲೆಮೂಲೆಗೂ ನ್ಯೂ ಅಂತ ಶುರುವಾಗೋ ಹೋಟ್ಲುಗಳಿರ್ತವಲ್ಲ, ಬೋರ್ಡಿನ ಪೇಂಟ್ ಉದುರಿ ಹೋಗಿದ್ರೂ ನ್ಯೂ ಮಾತ್ರ ನ್ಯೂನೇ, ಹಾಗಾಗಿತ್ತು. ಹಿಟ್ಟು, ಅಂದ್ರೆ ಆ ಜಿಗಿತ, ಸರಿಯಿತ್ತು, ಅದಕ್ಕೆ ಬೈಯೋಕೂ ಆಗ್ತಿರ್ಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಹಳೇ ಫೋಟೋ ಗೋಡೆಗೆ ತೂಗಿ ಹಾಕಿ ಹಿಟ್ಟು ಬದಲಾಯಿಸೋದು. ಸೆಗಾ ಅನ್ನೋ ಇನ್ನೊಂದು ಕಂಪನಿಯವರ ಓಡೋ ಗೇಮು ಸೋನಿಕ್ ನೋಡಿ. 1991ರ ಮೊದಲ ಸೋನಿಕ್‌ನಲ್ಲಿ ಗ್ರೀನ್ ಹಿಲ್ ಅಂತ ಮೊದಲ ಜಾಗ, ಕಂದು ಚೌಕದ ನೆಲ, ತಾಳೆ ಮರ. 2017ರಲ್ಲಿ ಸೆಗಾದವರು ಕೆಲವೇ ತಿಂಗಳ ಅಂತರದಲ್ಲಿ ಎರಡು ಸೋನಿಕ್ ಬಿಟ್ರು, ಮೇನಿಯಾ ಮತ್ತು ಫೋರ್ಸಸ್. ಎರಡರಲ್ಲೂ ಗ್ರೀನ್ ಹಿಲ್ ಇದೆ. ಮೇನಿಯಾ ಮಾಡಿದ್ದು ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತೆ ಅವನ ಜೊತೆಯವರು, ಸೋನಿಕ್ ಹುಚ್ಚಲ್ಲೇ ಬೆಳೆದ ಅಭಿಮಾನಿಗಳು. ಅದ್ರಲ್ಲಿ ಇಳಿಜಾರಲ್ಲಿ ಉಂಡೆಯಾಗಿ ಉರುಳಿದ್ರೆ ಸ್ಪೀಡು ಏರತ್ತೆ, ಆ ಸ್ಪೀಡಲ್ಲೇ ಮುಂದಿನ ದಿಣ್ಣೆ ಹತ್ತಬಹುದು, ಆ ಭಾರ ಸರಿಯಾಗಿ ಕೂತಿದೆ. ಫೋರ್ಸಸ್ ಆಡಿದ್ರೆ ಹಿನ್ನೆಲೆ ಅದೇ, ಭಾರ ಇಲ್ಲ. ಜನ ಮೇನಿಯಾನ ತಲೆ ಮೇಲೆ ಹೊತ್ಕೊಂಡ್ರು, ಫೋರ್ಸಸ್ ಬಗ್ಗೆ ಗೊಣಗಿದ್ರು. ಕಣ್ಣಿಗೆ ಮೋಸ ಮಾಡೋದು ಸುಲಭ, ಹೆಬ್ಬೆಟ್ಟಿಗೆ ಕಷ್ಟ.

ಇದೆಲ್ಲ ಅಳಿಯಂಗೆ ಹೇಳೋಕೆ ಹೋದೆ. "ಹೌದಾ" ಅಂದ, ಅಷ್ಟೇ. ಆಮೇಲೆ ಎರಡನೇ ಕಂಟ್ರೋಲರ್ ಕೊಟ್ಟು, "ಮಾವ, ನೀನು ಯೋಶಿ ತಗೋ, ವೈರಿ ಮುಟ್ಟಿದ್ರೂ ಏನಾಗಲ್ಲ, ಹೊಂಡಕ್ಕೆ ಬೀಳ್ಬೇಡ ಅಷ್ಟೇ" ಅಂದ. ಕೆಲಸಕ್ಕೆ ಬಾರದವರಿಗೆ ಅಂತ ಇಟ್ಟಿರೋ ಪಾತ್ರ ಅದು. ಅವಮಾನ ಆಯ್ತು, ಆದ್ರೂ ತಗೊಂಡೆ.

ನಮ್ಮ ಕಾಲದಲ್ಲಿ ಇಬ್ಬರು ಒಟ್ಟಿಗೆ ಆಡೋಕೆ ಆಗ್ತಿರ್ಲಿಲ್ಲ. ಅಕ್ಕ ಮಾರಿಯೋ, ನಾನು ಲುಯಿಜಿ, ಅವಳು ಸತ್ತ ಮೇಲೇನೇ ನನ್ನ ಪಾಳಿ. ಅವಳು ಚೆನ್ನಾಗಿ ಆಡ್ತಿದ್ಲು ಬೇರೆ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪ್ರತೀ ಹೊಂಡ ಬಂದಾಗ್ಲೂ ಅವಳು ಬೀಳ್ಲಿ ಬೀಳ್ಲಿ ಅಂತ ಮನಸ್ಸಲ್ಲೇ ದೇವರಿಗೆ ಹೇಳ್ಕೊಳ್ತಾ ಇದ್ದೆ.

ಮೊದಲನೇ ಹೊಂಡಕ್ಕೇ ಬಿದ್ದೆ. ಹಾರೋವಾಗ ಕಂಟ್ರೋಲರ್ ಮೇಲೆತ್ತಿ ನಾನೂ ಅರ್ಧ ಎದ್ದಿದ್ದೆ, ಒಳಗಿಂದ ಅಕ್ಕ "ಇನ್ನೂ ಹೋಗಿಲ್ವಾ ಆ ಚಾಳಿ" ಅಂದ್ಲು. ನನ್ನ ಯೋಶಿ ದೆವ್ವ ಆಗಿ ಗಾಳೀಲಿ ತೇಲ್ತಾ ಇತ್ತು, ಈ ಹೊಸ ಗೇಮಲ್ಲಿ ಹಾಗೆ, ಜೊತೆಯವರು ಕೆಲವೇ ಸೆಕೆಂಡಲ್ಲಿ ಬಂದು ಮುಟ್ಟಿದ್ರೆ ಜೀವ ಬರತ್ತೆ. ಅಳಿಯ ಲೆವೆಲ್ ಮುಗಿಯೋ ಬಾವುಟದ ಹತ್ರ ಹತ್ರ ಹೋಗಿದ್ದ. "ತಡಿ ಮಾವ, ಬಂದೆ ಬಂದೆ" ಅಂತ ತಿರುಗಿ ಓಡಿ ಬಂದ.