ಒಂದೇ ತಪ್ಪನ್ನು ಮೂರು ಕಡೆ ತಿದ್ದಿದ ಮೇಲೆ

ಸಿದ್ದಾಪುರದ ಕಡೆಯಿರುವ ನೆಂಟರ ರೋಬಸ್ಟಾ ತೋಟಕ್ಕೆ ಕೊಯ್ಲಿನ ತೂಕದ ಲೆಕ್ಕವಿಡುವ ಪ್ರೋಗ್ರಾಂ ಒಂದನ್ನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ಕಲಿತಂತೆಯೂ ಆಗಲಿ ಎಂದು ಮಾಹಿತಿಯನ್ನು ಜೋಡಿಸಿಡುವ ಮೂರು ಬಗೆಗಳನ್ನೂ ನಾನೇ ಬರೆದೆ: ಸಾಲಾಗಿ ಪಕ್ಕಪಕ್ಕ ಇಡುವ ಅರೇ ಲಿಸ್ಟ್, ಸರಪಳಿಯಂತೆ ಒಂದು ನಮೂದು ಮುಂದಿನದನ್ನು ತೋರಿಸುವ ಲಿಂಕ್ಡ್ ಲಿಸ್ಟ್, ಮೊದಲು ಬಂದದ್ದು ಮೊದಲು ಹೋಗುವ ಕ್ಯೂ. ಹುಡುಕುವ ಮೆಥಡ್ (ಒಂದು ಕೆಲಸಕ್ಕೆಂದು ಬರೆದ ಕೋಡಿನ ತುಂಡು) ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಕೆಲಸಗಾರರೊಬ್ಬರು ಬಾರದ ದಿನ ತೂಕದ ಜಾಗ 'ನಲ್', ಅಂದರೆ ಖಾಲಿ, ಆಗಿ ಉಳಿದು, ಹುಡುಕುವಾಗ ಪ್ರೋಗ್ರಾಂ ನಿಂತುಹೋಯಿತು. ಅರೇ ಲಿಸ್ಟಿನಲ್ಲಿ ಅದನ್ನು ತಿದ್ದಿದೆ. ಎರಡು ವಾರದ ಬಳಿಕ, ಬಟವಾಡೆಯ ದಿನ, ಅದೇ ತಪ್ಪು ಲಿಂಕ್ಡ್ ಲಿಸ್ಟಿನಲ್ಲಿ ತಲೆ ಎತ್ತಿತು. ಅಲ್ಲೂ, ಕ್ಯೂನಲ್ಲೂ ಅದನ್ನು ಮತ್ತೆ ತಿದ್ದಬೇಕಾಯಿತು. ಕೂಲಿಗಾಗಿ ಜನ ಅಂಗಳದಲ್ಲಿ ಕಾದು ನಿಂತಿದ್ದರು.

ಇನ್ಹೆರಿಟೆನ್ಸ್ ಎಂದರೇನು ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಅಂದು. ಮಾಹಿತಿಯನ್ನೂ ಅದರ ಮೆಥಡ್‌ಗಳನ್ನೂ ಒಟ್ಟಿಗೆ ಇಡುವ ಅಚ್ಚು ಕ್ಲಾಸ್; ಒಂದು ಕ್ಲಾಸ್ ಇನ್ನೊಂದರಿಂದ ಇಳಿದು ಅದರ ಮೆಥಡ್‌ಗಳನ್ನು ಹಾಗೆಯೇ ಪಡೆಯುವುದು ಇನ್ಹೆರಿಟೆನ್ಸ್. 1998ರಲ್ಲಿ ಬಂದ ಜಾವಾ 1.2ರ 'ಅಬ್‌ಸ್ಟ್ರಾಕ್ಟ್‌ಲಿಸ್ಟ್' ಕ್ಲಾಸನ್ನೇ ನೋಡಿ: ಬದಲಾಗದ ಪಟ್ಟಿಯೊಂದನ್ನು ಕಟ್ಟುವವರು 'ಗೆಟ್' (ಕೇಳಿದ ಸ್ಥಾನದ ನಮೂದನ್ನು ಕೊಡುವುದು) ಮತ್ತು 'ಸೈಜ್' (ಒಟ್ಟು ನಮೂದುಗಳೆಷ್ಟು ಎಂದು ಹೇಳುವುದು) ಎಂಬ ಎರಡೇ ಮೆಥಡ್‌ಗಳನ್ನು ಬರೆದರೆ ಸಾಕು, ಹುಡುಕುವುದು, ಹೋಲಿಸುವುದು, ಒಂದೊಂದಾಗಿ ದಾಟುತ್ತಾ ಹೋಗುವುದು ಎಲ್ಲವೂ ಮೇಲಿನ ಕ್ಲಾಸಿನಿಂದ ತಾನಾಗಿಯೇ ಬರುತ್ತವೆ.

ಆದರೆ ಆ ಎರಡು ಮೆಥಡ್‌ಗಳು ಯಾವುವು ಎಂಬ ಆಯ್ಕೆಯಲ್ಲೇ ಜಾಣತನವಿದೆ. ಲಿಂಕ್ಡ್ ಲಿಸ್ಟಿನಲ್ಲಿ 'ಗೆಟ್' ಪ್ರತಿ ಸಲ ತಲೆಯಿಂದ ಎಣಿಸುತ್ತಾ ಬರುವುದಾದರೆ, 10,000 ನಮೂದುಗಳ ಪಟ್ಟಿಯನ್ನು ಅದರ ಮೂಲಕ ಒಮ್ಮೆ ಪೂರ್ತಿ ಓದಲು ಸುಮಾರು 5 ಕೋಟಿ ಹೆಜ್ಜೆಗಳು ಬೇಕು. ಜಾವಾ ಇಂಥ ಪಟ್ಟಿಗಳಿಗೆಂದೇ 'ಅಬ್‌ಸ್ಟ್ರಾಕ್ಟ್‌ಸೀಕ್ವೆನ್ಷಿಯಲ್‌ಲಿಸ್ಟ್' ಎಂಬ ಬೇರೆ ಕ್ಲಾಸನ್ನು ಇಟ್ಟಿದೆ. ಅಲ್ಲಿ 'ಗೆಟ್' ಬದಲು ನಾವು ಬರೆದುಕೊಡಬೇಕಾದದ್ದು ದಾಟುವ ಕ್ರಮವನ್ನು, 'ಗೆಟ್' ಅದರಿಂದಲೇ ಹುಟ್ಟುತ್ತದೆ.

ಕೋಡ್ ಉಳಿಯುತ್ತದೆ ಎಂಬ ಒಂದೇ ಆಸೆಗೆ ಪೂರ್ಣಗೊಂಡ ಕ್ಲಾಸಿನಿಂದ ಇನ್ನೊಂದನ್ನು ಇಳಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜಾವಾದ 'ಸ್ಟಾಕ್' ಕ್ಲಾಸ್, ಎಲ್ಲಿ ಬೇಕಾದರೂ ವಸ್ತು ಸೇರಿಸಬಹುದಾದ ಪಟ್ಟಿಯಾದ 'ವೆಕ್ಟರ್'ನಿಂದ ಇಳಿದಿದೆ. ಹಾಗಾಗಿ ಮೇಲಿನಿಂದಷ್ಟೇ ಇಡಬೇಕಾದ, ತೆಗೆಯಬೇಕಾದ ರಾಶಿಯ ನಡುವೆಯೂ ಯಾರು ಬೇಕಾದರೂ ವಸ್ತುವನ್ನು ತುರುಕಬಹುದು. ಹಳೆಯ ಪ್ರೋಗ್ರಾಂಗಳು ಅದನ್ನೇ ನಂಬಿಕೊಂಡಿರುವುದರಿಂದ ಈಗ ಕಿತ್ತೊಗೆಯಲೂ ಆಗದು. ಕಾಲೇಜುಗಳಲ್ಲಿ ಇನ್ಹೆರಿಟೆನ್ಸ್ ಪಾಠವನ್ನು ನಾಯಿ, ಬೆಕ್ಕು, ಪ್ರಾಣಿಗಳ ಉದಾಹರಣೆಯಲ್ಲೇ ಮುಗಿಸದೆ 'ಅಬ್‌ಸ್ಟ್ರಾಕ್ಟ್‌ಲಿಸ್ಟ್', 'ಸ್ಟಾಕ್' ಎಂಬ ಈ ಎರಡು ಕ್ಲಾಸ್‌ಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕೆಂದು ಕಲಿಸುವವರಲ್ಲಿ ನನ್ನ ಮನವಿ.

ನನ್ನ ಎರಡು ಲಿಸ್ಟ್‌ಗಳೂ ಈಗ ಒಂದೇ ಮೂಲ ಕ್ಲಾಸಿನಿಂದ ಇಳಿಯುತ್ತವೆ. ಕ್ಯೂ ಮಾತ್ರ ಯಾವುದರಿಂದಲೂ ಇಳಿದಿಲ್ಲ. ಲಿಂಕ್ಡ್ ಲಿಸ್ಟೊಂದನ್ನು ತನ್ನೊಳಗೆ ಇಟ್ಟುಕೊಂಡು, ಹುಡುಕುವ ಕೆಲಸವನ್ನು ಅದಕ್ಕೇ ಒಪ್ಪಿಸುತ್ತದೆ. ಖಾಲಿ ತೂಕವನ್ನು ಪರೀಕ್ಷಿಸುವ ಸಾಲು ಇಡೀ ಪ್ರೋಗ್ರಾಂನಲ್ಲಿ ಒಂದೇ ಕಡೆ ಇದೆ.