ವಿಪಿಎನ್ (ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಇಂಟರ್ನೆಟ್ ಮೂಲಕ ಹೋಗೋ ಖಾಸಗಿ ದಾರಿ) ಕನೆಕ್ಟ್ ಆಗಿದೆಯಂತೆ, ಆದ್ರೆ ಏನೂ ಓಪನ್ ಆಗ್ತಿಲ್ವಂತೆ!

ಆಫೀಸ್ ಲ್ಯಾನ್‌ಗೆ (ಒಳಗಿನ ನೆಟ್‌ವರ್ಕ್‌ಗೆ) 192.168.1.0/24, ಅಂದ್ರೆ 192.168.1ರಿಂದ ಶುರುವಾಗೋ ಅಡ್ರೆಸ್‌ಗಳನ್ನ, ಕೊಟ್ಟ ಪುಣ್ಯಾತ್ಮನಿಗೆ ಒಂದು ದೊಡ್ಡ ನಮಸ್ಕಾರ. ಖಾಸಗಿ ನೆಟ್‌ವರ್ಕ್‌ಗಳಿಗೆ ಅಂತಲೇ ಇಟ್ಟ 10.0.0.0/8ರಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಅಡ್ರೆಸ್ ಬಿದ್ದಿತ್ತಲ್ಲ ಸ್ವಾಮಿ! 10.73.20.0/24 ಅಂತ ಒಂದು ತುಂಡು ತಗೊಳ್ಳೋಕೆ ಏನಾಗಿತ್ತು ರೋಗ? ಎಷ್ಟೋ ಮನೆ ರೂಟರ್‌ಗಳು ಡಬ್ಬಿಯಿಂದ ತೆಗೆದಾಗಲೇ 192.168.1.1 ಆಗಿರ್ತವೆ. ಮನೇಲಿ ಕೂತು 192.168.1.50ರ ಫೈಲ್ ಸರ್ವರ್ ಕರೆದ್ರೆ ಲ್ಯಾಪ್‌ಟಾಪ್‌ಗೆ ಎರಡು ದಾರಿ (ರೂಟ್) ಕಾಣ್ಸುತ್ತೆ, ಒಂದು ಮನೆ ವೈಫೈ, ಇನ್ನೊಂದು ವಿಪಿಎನ್ ಟನಲ್, ಎರಡೂ /24. ಮೆಟ್ರಿಕ್ (ದಾರಿಯ ಆದ್ಯತೆ ಅಂಕಿ) ಯಾವುದರದ್ದು ಕಡಿಮೆಯೋ ಅದೇ ಗೆಲ್ಲೋದು. ಹಾಗಾಗಿ ಒಬ್ಬರಿಗೆ ಫೈಲ್ ಸರ್ವರ್ ಸಿಗಲ್ಲ, ಇನ್ನೊಬ್ಬರಿಗೆ ಮನೆ ಪ್ರಿಂಟರ್ ಸಿಗಲ್ಲ.

ಇದಕ್ಕೆ ಸಪೋರ್ಟ್‌ನವರ ಔಷಧಿ ಏನು? ಕ್ಲೈಂಟ್ ರೀಇನ್‌ಸ್ಟಾಲ್ ಮಾಡಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಲಿನಕ್ಸ್‌ನಲ್ಲಿ 'ಐಪಿ ರೂಟ್ ಗೆಟ್ 192.168.1.50' ಹೊಡೆದ್ರೆ ಪ್ಯಾಕೆಟ್ ವೈಫೈಗೆ ಹೋಗ್ತಿದೆಯೋ ಟನಲ್‌ಗೆ ಹೋಗ್ತಿದೆಯೋ ಒಂದೇ ಸಾಲಲ್ಲಿ ಗೊತ್ತಾಗುತ್ತೆ. ವಿಂಡೋಸ್‌ನಲ್ಲಿ 'ರೂಟ್ ಪ್ರಿಂಟ್'. ಸದ್ಯಕ್ಕೆ ಬಚಾವಾಗ್ಬೇಕಾ, ಆ ಸರ್ವರ್ ಒಂದಕ್ಕೇ ಟನಲ್ ಕಡೆಗೆ 192.168.1.50/32 ರೂಟ್ ಹಾಕಿ, ಒಂದೇ ಅಡ್ರೆಸ್ ಹಿಡಿಯೋ /32 ಮುಂದೆ /24 ನಿಲ್ಲಲ್ಲ. ಶಾಶ್ವತ ಪರಿಹಾರ ಅಂದ್ರೆ ಆಫೀಸ್ ಲ್ಯಾನ್ ನಂಬರ್ ಬದಲಾಯಿಸೋದು, ಇಲ್ಲಾಂದ್ರೆ ವಿಪಿಎನ್ ಗೇಟ್‌ವೇನಲ್ಲಿ (ಟನಲ್ ಬಂದು ಸೇರೋ ಆಫೀಸ್ ಮಷಿನ್) ನೆಟ್‌ಮ್ಯಾಪ್ (ಅಡ್ರೆಸ್ ಬದಲಿಸೋ ನಿಯಮ) ಹಾಕಿ ಕ್ಲೈಂಟ್‌ಗಳಿಗೆ 10.73.20.0/24 ಅಂತ ತೋರಿಸೋದು.

ಇನ್ನೊಂದು ತಲೆನೋವು ವಾಪಸ್ ದಾರಿ. ಹೋಗೋಕೆ ರೂಟ್ ಹಾಕ್ತಾರೆ, ಬರೋಕೆ ಯಾರಪ್ಪ ಹಾಕ್ತಾರೆ? ಕ್ಲೈಂಟ್‌ನಿಂದ ಪಿಂಗ್ ಬಿಟ್ಟು ಗೇಟ್‌ವೇನಲ್ಲಿ ಟಿಸಿಪಿಡಂಪ್ (ಹಾದುಹೋಗೋ ಪ್ಯಾಕೆಟ್ ತೋರಿಸೋ ಟೂಲ್) ಹಚ್ಚಿ, ಮೊದಲು ಡಬ್ಲ್ಯೂಜಿ0 (ಟನಲ್ ಕಡೆ) ಮೇಲೆ, ಆಮೇಲೆ ಈಥ್0 (ಆಫೀಸ್ ಲ್ಯಾನ್ ಕಡೆ) ಮೇಲೆ. ಡಬ್ಲ್ಯೂಜಿ0ನಲ್ಲಿ ಕಂಡು ಈಥ್0ನಲ್ಲಿ ಕಾಣದಿದ್ರೆ ಸಾಮಾನ್ಯವಾಗಿ ಐಪಿ ಫಾರ್ವರ್ಡ್ (ಪ್ಯಾಕೆಟ್ ಮುಂದೆ ದಾಟಿಸೋ ಸ್ವಿಚ್) 0 ಇದೆ, ಇಲ್ಲಾಂದ್ರೆ ಅದೇ ಮಷಿನ್‌ಗೆ ಯಾರೋ ಡಾಕರ್ (ಕಂಟೇನರ್ ನಡೆಸೋ ಸಾಫ್ಟ್‌ವೇರ್) ಹಾಕಿದ್ದಾರೆ. ಡಾಕರ್ ಬಂದ್ರೆ ಎಷ್ಟೋ ಸಲ ಫೈರ್‌ವಾಲ್‌ನ ಫಾರ್ವರ್ಡ್ ಚೈನ್ ಪಾಲಿಸಿ ಡ್ರಾಪ್ (ದಾಟೋ ಪ್ಯಾಕೆಟ್ ಬಿಸಾಕು) ಆಗಿ ಕೂತಿರುತ್ತೆ, ಹೇಳಲ್ಲ ಕೇಳಲ್ಲ. ಡಾಕರ್-ಯೂಸರ್ ಚೈನ್‌ನಲ್ಲಿ ಡಬ್ಲ್ಯೂಜಿ0ಗೆ ಎರಡೂ ದಿಕ್ಕಿಗೆ ಅಕ್ಸೆಪ್ಟ್ ಹಾಕಿ.

ಈಥ್0ನಲ್ಲಿ ರಿಕ್ವೆಸ್ಟ್ ಹೊರಟಿದೆ, ರಿಪ್ಲೈ ಇಲ್ಲ ಅಂದ್ರೆ? ಸರ್ವರ್ ಉತ್ತರ ಕೊಟ್ಟಿರುತ್ತೆ ಪಾಪ, ಕೊಟ್ಟಿದ್ದು ತನ್ನ ಡೀಫಾಲ್ಟ್ ಗೇಟ್‌ವೇ ಆಗಿರೋ ಆಫೀಸ್ ರೂಟರ್‌ಗೆ. ಅದಕ್ಕೆ 10.8.0.0/24 (ವಿಪಿಎನ್ ಕ್ಲೈಂಟ್‌ಗಳ ಅಡ್ರೆಸ್) ಯಾವೂರು ಅಂತಾನೇ ಗೊತ್ತಿಲ್ಲ. ರೂಟರ್‌ನಲ್ಲಿ '10.8.0.0/24ಕ್ಕೆ 192.168.1.10 ಮೂಲಕ' ಅಂತ ಒಂದು ಸ್ಟ್ಯಾಟಿಕ್ ರೂಟ್ ಸಾಕು (ಆ 10 ನಿಮ್ಮ ವಿಪಿಎನ್ ಮಷಿನ್). ಮಾಸ್ಕರೇಡ್ (ಎಲ್ಲ ಕ್ಲೈಂಟ್‌ಗಳ ಐಪಿ ಬದಲು ಗೇಟ್‌ವೇ ತನ್ನ ಐಪಿ ತೋರಿಸೋದು) ಹಾಕಿ ಕೈತೊಳ್ಕೊಳ್ಳೋರು ಇದ್ದಾರೆ. ಕೆಲಸ ನಡೆಯುತ್ತೆ, ಆದ್ರೆ ಸರ್ವರ್ ಲಾಗ್‌ನಲ್ಲಿ ಎಲ್ಲರೂ ಒಂದೇ ಐಪಿ. ಮಾಸ್ಕರೇಡ್ ತೆಗೆದು ರೂಟ್ ಹಾಕಿದ ದಿನ ಫೈಲ್ ಶೇರಿಂಗ್ ನಿಂತ್ರೆ ವಿಂಡೋಸ್ ಫೈರ್‌ವಾಲ್ ನೋಡಿ. ಪ್ರೈವೇಟ್ ಪ್ರೊಫೈಲ್‌ನಲ್ಲಿ ಅದರ ನಿಯಮ ಸ್ಥಳೀಯ ಸಬ್‌ನೆಟ್‌ಗೆ ಮಾತ್ರ ಬಾಗಿಲು ತೆಗೆಯುತ್ತೆ.

ವೈರ್‌ಗಾರ್ಡ್ ಅನ್ನೋ ವಿಪಿಎನ್‌ನಲ್ಲಿ ಎರಡು ಪಿಯರ್‌ಗೆ (ಟನಲ್‌ನ ಆ ಬದಿಯ ಮಷಿನ್‌ಗೆ) ಒಂದೇ ಅಲೌಡ್ ಐಪಿ (ಆ ಪಿಯರ್‌ಗೆ ಸೇರಿದ ಅಡ್ರೆಸ್) ಬರೆದು ಅಳೋರೂ ಇದ್ದಾರೆ. ಕೊನೆಗೆ ಬರೆದ ಪಿಯರ್‌ಗೆ ಅದು ಸೇರುತ್ತೆ, ಮೊದಲನೆಯದರಿಂದ ಸದ್ದಿಲ್ಲದೆ ಕಳಚುತ್ತೆ. ಇನ್ನೊಂದು ವಿಪಿಎನ್ ಆದ ಓಪನ್‌ವಿಪಿಎನ್‌ನಲ್ಲಿ ಬ್ರಾಂಚ್ ಲ್ಯಾನ್‌ಗೆ 'ರೂಟ್' ಒಂದೇ ಸಾಲದು, ಆ ಕ್ಲೈಂಟ್‌ನ ಸಿಸಿಡಿ ಫೈಲ್‌ನಲ್ಲಿ (ಸರ್ವರ್‌ನಲ್ಲಿ ಆ ಕ್ಲೈಂಟ್‌ಗೆ ಅಂತಲೇ ಇರೋ ಸೆಟ್ಟಿಂಗ್) 'ಐರೂಟ್' ಕೂಡ ಬೇಕು, ಆ ಲ್ಯಾನ್ ಯಾವ ಕ್ಲೈಂಟ್ ಹಿಂದಿದೆ ಅಂತ ಹೇಳೋಕೆ. ಲಾಗ್‌ನಲ್ಲಿ 'ಬ್ಯಾಡ್ ಸೋರ್ಸ್ ಅಡ್ರೆಸ್' ಅಂತ ಬಾಯಿ ಬಡ್ಕೊಳ್ತಿರುತ್ತೆ, ಓದೋರು ಬೇಕಲ್ಲ.

ಇಷ್ಟೆಲ್ಲ ಆದ ಮೇಲೂ ಪಿಂಗ್ ಬರುತ್ತೆ, ಫೋಲ್ಡರ್ ತೆರೆದ್ರೆ ಗರ ಬಡಿದ ಹಾಗೆ ನಿಲ್ಲುತ್ತೆ ಅಂತೀರಾ? ಅದು ರೂಟಿಂಗ್ ಅಲ್ಲ ಮಾರಾಯ್ರೆ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ). ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಅಂತ ಕೂತಿರುತ್ತೆ. ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಲಾಗಿನ್ ಆಗೋ ಬ್ರಾಡ್‌ಬ್ಯಾಂಡ್) ಲೈನ್ 1492, ಅದರಲ್ಲಿ ವೈರ್‌ಗಾರ್ಡ್ ಹೊದಿಕೆಯ 80 ಕಳೆದು 1412 ಹಾಕಿ ನೋಡಿ. ಅದು ಬಿಟ್ಟು 'ಕನೆಕ್ಟೆಡ್' ಅಂತ ಹಸಿರು ದೀಪದ ಸ್ಕ್ರೀನ್‌ಶಾಟ್ ಕಳಿಸ್ಬೇಡಿ.